ಗೋಡೌನಿನಲ್ಲಿ ಹುಟ್ಟಿದ ಕುಣಿತ: ಡಾನ್ಸ್ ಕ್ಲಬ್‌ಗಳ ಬಗ್ಗೆ ನೀವು ಕೇಳಿದ್ದು

ಈ ಸಲದ ಪ್ರಶ್ನೋತ್ತರ ಪುಟ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತಕ್ಕೆ ಮತ್ತು ಅದನ್ನು ಬೆಳೆಸಿದ ದೊಡ್ಡ ಊರುಗಳ ಕ್ಲಬ್‌ಗಳಿಗೆ ಮೀಸಲು. ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ನಮ್ಮ ಕಡೆ ಡಿಜೆ ಅಂದರೆ ಗಣಪತಿ ಮೆರವಣಿಗೆಯ ಲಾರಿ, ಅದರ ಮೇಲೆ ಪೇರಿಸಿದ ಬಾಕ್ಸ್‌ಗಳು. ‘ಹೌಸ್’ ಸಂಗೀತ ಶಿಕಾಗೋದ ಒಂದೇ ಕ್ಲಬ್‌ನಲ್ಲಿ ಹುಟ್ಟಿತು ಅಂತ ಓದಿದೆ. ಅದು ನಿಜವಾ ಸಾರ್?
– ಕಾಲೇಜು ವಿದ್ಯಾರ್ಥಿ, ಹಾಸನ

ಹೆಸರು ಬಂದದ್ದು ‘ದಿ ವೇರ್‌ಹೌಸ್’ ಎಂಬ ಆ ಕ್ಲಬ್‌ನಿಂದ, ನಿಜ. ಸಂಗೀತವೂ ಪೂರ್ತಿ ಅಲ್ಲೇ ಹುಟ್ಟಿತು ಅಂದರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಮೊದಲು ನ್ಯೂಯಾರ್ಕಿಗೆ ಹೋಗಬೇಕು. 1970ರ ಫೆಬ್ರವರಿ 14ರಂದು ಡೇವಿಡ್ ಮ್ಯಾನ್ಕುಸೊ ತಾನು ವಾಸವಿದ್ದ ಮನೆಯಲ್ಲೇ ಒಂದು ಪಾರ್ಟಿ ಇಟ್ಟರು. ಮುಂದೆ ಅದಕ್ಕೆ ‘ದಿ ಲಾಫ್ಟ್’ ಎಂಬ ಹೆಸರು ನಿಂತಿತು. ಆಮಂತ್ರಣ ಇದ್ದವರಿಗಷ್ಟೇ ಪ್ರವೇಶ, ಮದ್ಯ ಮಾರುವಂತಿಲ್ಲ, ಹಾಡುವ ಪೆಟ್ಟಿಗೆಗಳು ಮಾತ್ರ ಅತ್ಯುತ್ತಮದ್ದೇ ಆಗಿರಬೇಕು ಎಂಬುದು ಅಲ್ಲಿನ ಕ್ರಮ. ಅಲ್ಲಿಗೆ ಹೋಗಿ ಬರುತ್ತಿದ್ದ ಹುಡುಗರಲ್ಲಿ ಲ್ಯಾರಿ ಲೆವಾನ್ ಒಬ್ಬರು, ಫ್ರ್ಯಾಂಕಿ ನಕಲ್ಸ್ ಇನ್ನೊಬ್ಬರು. ರಾಬರ್ಟ್ ವಿಲಿಯಮ್ಸ್ ಶಿಕಾಗೋದಲ್ಲಿ ಕ್ಲಬ್ ತೆರೆಯುವಾಗ ಡಿಜೆಯಾಗಿ, ಅಂದರೆ ರೆಕಾರ್ಡು ನುಡಿಸುವವರಾಗಿ, ಮೊದಲು ಕರೆದದ್ದು ಲೆವಾನ್‌ರನ್ನು. ಅವರು ಒಲ್ಲೆ ಎಂದ ಮೇಲೆ ನಕಲ್ಸ್ ಹೋದರು. 1977ರಲ್ಲಿ ಸೌತ್ ಜೆಫರ್ಸನ್ ಬೀದಿಯ 206ನೇ ನಂಬರಿನ ಹಳೆಯ ಕೈಗಾರಿಕಾ ಕಟ್ಟಡದಲ್ಲಿ ‘ದಿ ವೇರ್‌ಹೌಸ್’ ಶುರುವಾಯಿತು. ಬರುತ್ತಿದ್ದವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿ ಯುವಕರು. ಬೇರೆ ಕ್ಲಬ್‌ಗಳ ಬಾಗಿಲು ಅವರಿಗೆ ಸಲೀಸಾಗಿ ತೆರೆಯುತ್ತಿರಲಿಲ್ಲ. ಈ ಸಂಗೀತದ ಚರಿತ್ರೆ ಹೇಳುವಾಗ ಈ ಮಾತನ್ನು ಬಿಟ್ಟು ಹೇಳುವವರನ್ನು ನಂಬಬೇಡಿ.

1979ರ ಜುಲೈ 12ರಂದು ಅದೇ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಕಂಡರಾಗದವರು ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಆಮೇಲೆ ದೊಡ್ಡ ಕಂಪನಿಗಳು ಡಿಸ್ಕೋದಿಂದ ಕೈ ತೊಳೆದುಕೊಂಡವು, ಕುಣಿಯಲು ಹೊಸ ರೆಕಾರ್ಡು ಬರುವುದು ಕಡಿಮೆಯಾಯಿತು. ಆಗ ನಕಲ್ಸ್ ಇದ್ದ ಹಾಡುಗಳನ್ನೇ ರೀಲ್ ಟೇಪಿಗೆ ಹಾಕಿಕೊಂಡು, ತಾಳದ ಭಾಗವನ್ನು ಕತ್ತರಿಸಿ ಅಂಟಿಸಿ ಉದ್ದ ಮಾಡತೊಡಗಿದರು. 1982ರಲ್ಲಿ ಅವರು ವೇರ್‌ಹೌಸ್ ಬಿಟ್ಟು ‘ಪವರ್ ಪ್ಲಾಂಟ್’ ಎಂಬ ಸ್ವಂತ ಕ್ಲಬ್ ತೆರೆದರು. ಇನ್ನೊಂದು ಕಡೆ ‘ಮ್ಯೂಸಿಕ್ ಬಾಕ್ಸ್’ನಲ್ಲಿ ರಾನ್ ಹಾರ್ಡಿ ಇನ್ನೂ ಒರಟಾಗಿ, ಇನ್ನೂ ವೇಗವಾಗಿ ನುಡಿಸುತ್ತಿದ್ದರು. ಈ ಇಬ್ಬರ ನಡುವಿನ ಪೈಪೋಟಿಯಲ್ಲೇ ಹೌಸ್ ಬೆಳೆಯಿತು.

ಯಂತ್ರಗಳ ಪಾಲೂ ದೊಡ್ಡದು. ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ ಟಿಆರ್-808, 1983ರಲ್ಲಿ ಟಿಆರ್-909 ಎಂಬ ಡ್ರಮ್ ಯಂತ್ರಗಳನ್ನು ತಂದಿತು. ಬೇಸ್ ಗಿಟಾರ್ ನುಡಿಸುವವರಿಲ್ಲದಾಗ ಇರಲಿ ಎಂದು ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯನ್ನೂ ಮಾಡಿತು. ನಿಜವಾದ ವಾದ್ಯದ ಹಾಗೆ ಕೇಳುವುದಿಲ್ಲ ಎಂದು ಗಿರಾಕಿಗಳು ತಿರಸ್ಕರಿಸಿದ್ದರಿಂದ ಇವು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಬಿದ್ದವು, ಕೈಯಲ್ಲಿ ಕಾಸಿಲ್ಲದ ಹುಡುಗರಿಗೂ ಎಟುಕಿದವು. 1987ರಲ್ಲಿ ‘ಫ್ಯೂಚರ್’ ತಂಡ 303ರ ಗುಂಡಿಗಳನ್ನು ಹಾಡು ಓಡುತ್ತಿರುವಾಗಲೇ ತಿರುಗಿಸಿ, ಹಿಂಡಿದಂತೆ ಚೀರುವ ಒಂದು ನಾದ ತೆಗೆದಾಗ ‘ಆ್ಯಸಿಡ್ ಹೌಸ್’ ಬಂತು.

ವೇರ್‌ಹೌಸ್ ಇದ್ದ ಕಟ್ಟಡವನ್ನು ಶಿಕಾಗೋ ನಗರ 2023ರಲ್ಲಿ ಸಂರಕ್ಷಿತ ಸ್ಮಾರಕ ಎಂದು ಘೋಷಿಸಿತು. ನಕಲ್ಸ್ 2014ರಲ್ಲೇ ತೀರಿಕೊಂಡಿದ್ದರು.

ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್ ಬಗ್ಗೆ ಮಾತಾಡುವವರೆಲ್ಲ ‘ಸೌಂಡ್, ಸೌಂಡ್’ ಅನ್ನುತ್ತಾರೆ. ಲೈಟಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ ಯಾಕೆ?
– ಸೌಂಡ್ಸ್ ಅಂಗಡಿಯವರು, ಅರಸೀಕೆರೆ

ಅಲ್ಲಿ ದುಡ್ಡು ಸುರಿದದ್ದೇ ಸೌಂಡಿಗೆ. ಕಿಂಗ್ ಸ್ಟ್ರೀಟ್‌ನ 84ನೇ ನಂಬರಿನ ಕಾರು ನಿಲ್ಲಿಸುವ ಕಟ್ಟಡ ಅದು. ಮೈಕೆಲ್ ಬ್ರಾಡಿ ಮಾಲೀಕರು, ಲ್ಯಾರಿ ಲೆವಾನ್ ಡಿಜೆ, ಧ್ವನಿ ವ್ಯವಸ್ಥೆ ಮಾಡಿದವರು ರಿಚರ್ಡ್ ಲಾಂಗ್. 1977ರಿಂದ 1987ರವರೆಗೆ ನಡೆಯಿತು. ಸದಸ್ಯತ್ವ ಇದ್ದವರಿಗೆ ಪ್ರವೇಶ, ಮದ್ಯ ಇಲ್ಲ. ಬಾರ್ ಇಲ್ಲದ ಕ್ಲಬ್‌ಗೆ ಜನ ಮತ್ತೆ ಮತ್ತೆ ಬರಬೇಕಾದರೆ ಕುಣಿಯುವ ಜಾಗದ ನಾದವೇ ಎಳೆದು ತರಬೇಕು. ಅದಕ್ಕೇ ಲಾಂಗ್ ಬೇಸ್‌ಗೆಂದು ದೊಡ್ಡ ಹಾರ್ನ್ ಪೆಟ್ಟಿಗೆಗಳನ್ನು ಬೇರೆಯಾಗಿಯೇ ಕಟ್ಟಿಸಿದರು. ಲಂಡನ್ನಿನಲ್ಲಿ 1991ರ ಸೆಪ್ಟೆಂಬರಿನಲ್ಲಿ ಶುರುವಾದ ‘ಮಿನಿಸ್ಟ್ರಿ ಆಫ್ ಸೌಂಡ್’ ಇದನ್ನೇ ಮಾದರಿಯಾಗಿ ಇಟ್ಟುಕೊಂಡಿತು. ಮೊದಲು ಸೌಂಡ್, ಆಮೇಲೆ ಲೈಟು, ಕೊನೆಗೆ ಅಲಂಕಾರ ಎಂಬ ಈ ಕ್ರಮ ನಿಮ್ಮ ಮದುವೆ ಆರ್ಡರಿಗೂ ಸರಿಯಾದದ್ದೇ.

ಮ್ಯಾಂಚೆಸ್ಟರಿನ ಹಸಿಯೆಂಡಾ ಕ್ಲಬ್ ತುಂಬಿ ತುಳುಕುತ್ತಿದ್ದರೂ ನಷ್ಟದಲ್ಲಿ ಮುಚ್ಚಿತಂತೆ. ಜನ ಬಂದರೂ ದುಡ್ಡು ಹೇಗೆ ಹೋಗುತ್ತದೆ?
– ಹೋಟೆಲ್ ಉದ್ಯಮಿ, ಚಿಕ್ಕಮಗಳೂರು

ವ್ಯಾಪಾರ ಮಾಡುವವರು ಈ ಕಥೆಯನ್ನು ಗಮನವಿಟ್ಟು ಓದಬೇಕು. 1982ರ ಮೇ 21ರಂದು ಬಾಗಿಲು ತೆರೆದ ಈ ಕ್ಲಬ್‌ಗೆ ಹಣ ಹಾಕಿದ್ದು ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಮತ್ತು ಅದರ ನ್ಯೂ ಆರ್ಡರ್ ತಂಡ. ಅಂದರೆ ರೆಕಾರ್ಡು ಮಾರಿ ಬಂದ ದುಡ್ಡು ಕ್ಲಬ್‌ನ ಖರ್ಚಿಗೆ ಹರಿಯುತ್ತಿತ್ತು. ಬೆನ್ ಕೆಲ್ಲಿ ಮಾಡಿದ ವಿನ್ಯಾಸ ಬಹಳ ಸೊಗಸಾಗಿತ್ತು. ಕುಣಿಯುವ ಜಾಗದ ನಡುವೆಯೇ ಉಕ್ಕಿನ ಕಂಬಗಳಿದ್ದವು. ಯಾರೂ ಡಿಕ್ಕಿ ಹೊಡೆಯದಿರಲೆಂದು ಅವಕ್ಕೆ ಕಾರ್ಖಾನೆಯ ಅಪಾಯ ಸೂಚನೆಯ ಹಳದಿ-ಕಪ್ಪು ಪಟ್ಟೆ ಬಳಿದರು. ಆ ಪಟ್ಟೆಯೇ ಮುಂದೆ ಕ್ಲಬ್‌ನ ಗುರುತಾಯಿತು. ಆದರೆ ಎತ್ತರದ ಸೂರು, ಗಟ್ಟಿ ಗೋಡೆ, ಬರೀ ಕಬ್ಬಿಣ ಕಾಂಕ್ರೀಟು ಸೇರಿ ನಾದ ಕಲಸಿಹೋಗುತ್ತಿತ್ತು. ಮೊದಲ ಕೆಲವು ವರ್ಷ ಜನವೂ ಕಡಿಮೆ.

80ರ ದಶಕದ ಕೊನೆಯಲ್ಲಿ ಅಲ್ಲಿನ ಡಿಜೆಗಳಾದ ಮೈಕ್ ಪಿಕರಿಂಗ್, ಗ್ರೇಮ್ ಪಾರ್ಕ್ ಶಿಕಾಗೋ, ಡೆಟ್ರಾಯಿಟ್ ರೆಕಾರ್ಡುಗಳನ್ನು ಹಾಕತೊಡಗಿದ ಮೇಲೆ ಬಾಗಿಲ ಹೊರಗೆ ಸಾಲು ನಿಂತಿತು. ತೊಂದರೆ ಶುರುವಾದದ್ದೂ ಆಗಲೇ. ಅದೇ ಹೊತ್ತಿಗೆ ಎಕ್ಸ್‌ಟಸಿ ಎಂಬ ಅಮಲಿನ ಮಾತ್ರೆ ಒಳಗೆ ಬಂತು. ಅದನ್ನು ನುಂಗಿದವರು ಬಿಯರ್ ಕೇಳುತ್ತಿರಲಿಲ್ಲ, ನೀರು ಕೇಳುತ್ತಿದ್ದರು. ಕ್ಲಬ್‌ನ ಲೆಕ್ಕಾಚಾರವೋ ಬಾರ್ ಮೇಲೆ ನಿಂತಿತ್ತು. ಮಾತ್ರೆ ಮಾರಿದ ದುಡ್ಡು ರೌಡಿಗಳ ಜೇಬಿಗೆ, ವಿದ್ಯುತ್, ಕಾವಲು, ರಿಪೇರಿ ಖರ್ಚು ಕ್ಲಬ್‌ನ ತಲೆಗೆ. 1989ರಲ್ಲಿ 16 ವರ್ಷದ ಹುಡುಗಿಯೊಬ್ಬಳು ಅಲ್ಲಿ ಆ ಮಾತ್ರೆ ನುಂಗಿ ಪ್ರಾಣ ಕಳೆದುಕೊಂಡಳು. ಬಾಗಿಲ ಕಾವಲಿನವರಿಗೇ ಬಂದೂಕು ತೋರಿಸುವ ಮಟ್ಟಕ್ಕೆ ಹೋದಾಗ, 1991ರ ಜನವರಿಯಲ್ಲಿ ಕ್ಲಬ್‌ನವರೇ ಕೆಲವು ತಿಂಗಳು ಬೀಗ ಹಾಕಿದರು. 1992ರಲ್ಲಿ ಫ್ಯಾಕ್ಟರಿ ಕಂಪನಿ ದಿವಾಳಿಯಾಯಿತು. 1997ರಲ್ಲಿ ಕ್ಲಬ್ ಮುಚ್ಚಿತು, 2002ರಲ್ಲಿ ಕಟ್ಟಡವನ್ನೇ ಕೆಡವಿದರು. ಈಗ ಅಲ್ಲಿ ಅದೇ ಹೆಸರಿನ ಅಪಾರ್ಟ್‌ಮೆಂಟ್ ಇದೆ.

ಸಂಗೀತದ ಮಟ್ಟಿಗೆ ಬ್ರಿಟನ್ನಿನ ಇತಿಹಾಸ ಬದಲಿಸಿದ ಜಾಗ ಅದು, ಅನುಮಾನವಿಲ್ಲ. ವ್ಯಾಪಾರದ ಮಟ್ಟಿಗೆ ಮಾತ್ರ ಟಿಕೆಟ್ ದರ, ಬಾರ್, ಭದ್ರತೆ ಈ ಮೂರನ್ನೂ ಬೇರೆ ಬೇರೆ ಲೆಕ್ಕ ಇಡದವರಿಗೆ ಆಗುವ ಗತಿಯೇ ಆಯಿತು.

ತೋಟದಲ್ಲಿ ಕಾಫಿ ತುಂಬುತ್ತಿದ್ದ ಹಳೆಯ ಗೋಡೌನ್ ಖಾಲಿ ಇದೆ. 20 ಮೀಟರ್ ಉದ್ದ, 10 ಅಗಲ, 6 ಎತ್ತರ, ತಗಡಿನ ಸೂರು. ವರ್ಷಕ್ಕೆ ಒಂದೆರಡು ಸಲ ಇನ್ನೂರು ಜನ ಸೇರುವ ಸಂಗೀತದ ಕಾರ್ಯಕ್ರಮ ಮಾಡಬಹುದಾ? ಏನೇನು ಬೇಕಾಗುತ್ತದೆ?
– ಕಾಫಿ ಬೆಳೆಗಾರರು, ಸಕಲೇಶಪುರ

ಮಾಡಬಹುದು, ಆದರೆ ಬಾಕ್ಸ್ ಬಾಡಿಗೆಗೆ ತರುವ ಮೊದಲು ಗೋಡೌನಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಕೇಳಿದರೆ ಅದೇ ನಿಮ್ಮ ಮೊದಲ ಸಮಸ್ಯೆ.

ಲೆಕ್ಕ ಹೀಗಿದೆ. ನಿಮ್ಮ ಗೋಡೌನಿನ ಗಾತ್ರ 1,200 ಘನ ಮೀಟರ್, ನೆಲ-ಗೋಡೆ-ಸೂರು ಸೇರಿ 760 ಚದರ ಮೀಟರ್. ಸಿಮೆಂಟು, ತಗಡು ಶಬ್ದವನ್ನು ಹೀರುವುದು ಬಹಳ ಕಡಿಮೆ. ಸರಾಸರಿ 4 ಶೇಕಡಾ ಹಿಡಿದರೂ ಹೀರುವ ಪ್ರಮಾಣ ಸುಮಾರು 30 ಚದರ ಮೀಟರ್. ಗಾತ್ರವನ್ನು 0.161ರಿಂದ ಗುಣಿಸಿ ಈ 30ರಿಂದ ಭಾಗಿಸಿದರೆ ಅನುರಣನ, ಅಂದರೆ ನಾದ ಅಡಗಲು ಹಿಡಿಯುವ ಹೊತ್ತು, ಸುಮಾರು 6.4 ಸೆಕೆಂಡ್. ಇಷ್ಟು ಹೊತ್ತು ನಾದ ತೂಗಾಡಿದರೆ ಒಂದು ಬೀಟ್ ಮೇಲೆ ಹತ್ತು ಬೀಟ್ ಬಿದ್ದು ಬರೀ ಗದ್ದಲವಾಗುತ್ತದೆ. ಇನ್ನೂರು ಜನ ಒಳಗೆ ಬಂದರೆ ಒಬ್ಬೊಬ್ಬರೂ ಸರಾಸರಿ ಅರ್ಧ ಚದರ ಮೀಟರಿನಷ್ಟು ಹೀರುತ್ತಾರೆ. ಆಗ ಅನುರಣನ 1.5 ಸೆಕೆಂಡಿಗೆ ಇಳಿಯುತ್ತದೆ. ಹೀಗಾಗಿ ಖಾಲಿ ಗೋಡೌನಿನಲ್ಲಿ ಸಂಜೆ ಮಾಡಿದ ಸೌಂಡ್ ಚೆಕ್ ನಂಬಿ ಕೂರಬೇಡಿ. ಜನ ತುಂಬಿದ ಮೇಲೆ ಇನ್ನೊಮ್ಮೆ ಸರಿ ಮಾಡಿಸಿ. ಜನ ಹೀರುವುದು ಮೇಲಿನ ಸ್ವರಗಳನ್ನೇ ಹೆಚ್ಚು. ಬೇಸ್ ಹಾಗೇ ಉಳಿಯುತ್ತದೆ, ಅದನ್ನು ತಗ್ಗಿಸಿಯೇ ಇಡಬೇಕು.

ಗೋಡೆಗೆ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಹಲಗೆ ಕಟ್ಟಿ, 50ರಿಂದ 100 ಮಿಲಿಮೀಟರ್ ದಪ್ಪ ಇರಲಿ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಬೆವರುವುದರಿಂದ ಹಿಂದೆ ಒಂದು ಗೇಣಿನ ಖಾಲಿ ಬಿಡಿ. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದರೂ ಕಟ್ಟಿದರೆ ಪುಟಿತ ನಿಲ್ಲುತ್ತದೆ. ಸ್ಪಂಜು, ಥರ್ಮಾಕೋಲ್, ಗೋಣಿಚೀಲ ಯಾವುದನ್ನೂ ಅಂಟಿಸಬೇಡಿ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ‘ಸ್ಟೇಷನ್’ ಕ್ಲಬ್‌ನಲ್ಲಿ 100 ಜನ, 2013ರಲ್ಲಿ ಬ್ರೆಜಿಲ್ಲಿನ ‘ಕಿಸ್’ ಕ್ಲಬ್‌ನಲ್ಲಿ 242 ಜನ ಸತ್ತದ್ದು ಇದರಿಂದಲೇ. ಎರಡೂ ಕಡೆ ಒಳಗೆ ಹಚ್ಚಿದ ಬಾಣಬಿರುಸಿನ ಕಿಡಿ ಸ್ಪಂಜಿಗೆ ತಗುಲಿ ವಿಷದ ಹೊಗೆ ತುಂಬಿತು. ಸ್ಟೇಷನ್‌ನಲ್ಲಿ ಬೇರೆ ಬಾಗಿಲುಗಳಿದ್ದರೂ ಜನ ತಾವು ಒಳಬಂದ ಮುಂಬಾಗಿಲಿಗೇ ನುಗ್ಗಿದರು. ಕಿಸ್‌ನಲ್ಲಿ ಇದ್ದದ್ದೇ ಒಂದು ದಾರಿ. ನಿಮ್ಮ ಗೋಡೌನಿಗೂ ಒಂದೇ ಬಾಗಿಲಿದ್ದರೆ ಎದುರು ಗೋಡೆಯಲ್ಲಿ ಇನ್ನೊಂದನ್ನು ಒಡೆಸುವವರೆಗೆ ಕಾರ್ಯಕ್ರಮದ ಯೋಚನೆಯನ್ನೇ ಬಿಡಿ. ಎರಡೂ ಹೊರಕ್ಕೆ ತೆರೆಯಬೇಕು, ಅಗುಳಿ ಹಾಕಿರಬಾರದು, ಕರೆಂಟ್ ಹೋದರೂ ಉರಿಯುವ ದೀಪ ಮೇಲಿರಬೇಕು. ಒಳಗೆ ಪಟಾಕಿ, ಸ್ಪಾರ್ಕಲ್ ಯಾವುದೂ ಬೇಡವೇ ಬೇಡ.

ತಗಡು ಬೇಸ್‌ಗೆ ಗಲಗಲ ಅನ್ನುತ್ತದೆ. 30ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಏಣಿ ಇಟ್ಟು ಎಲ್ಲಿ ನಡುಗುತ್ತದೆ ಎಂದು ಹುಡುಕಿ. ಆ ಜಾಗದ ಜೆ-ಬೋಲ್ಟಿಗೆ ಹೊಸ ರಬ್ಬರ್ ವಾಷರ್ ಹಾಕಿ ಬಿಗಿ ಮಾಡಿದರೆ ಮುಕ್ಕಾಲು ಪಾಲು ಅಡಗುತ್ತದೆ.

ಬೇಸ್ ಬಾಕ್ಸ್‌ಗಳನ್ನು ವೇದಿಕೆಯ ಎಡಕ್ಕೆರಡು ಬಲಕ್ಕೆರಡು ಇಡುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ಬೇಡ. 50 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಎರಡು ಬದಿಯಿಂದ ಬರುವ ಅಲೆಗಳ ದಾರಿಯಲ್ಲಿ ಮೂರೂವರೆ ಮೀಟರ್ ವ್ಯತ್ಯಾಸ ಬಂದ ಕಡೆ ಒಂದನ್ನೊಂದು ನುಂಗಿ ಬೇಸ್ ಮಾಯವಾಗುತ್ತದೆ. ನಡುವೆ ನಿಂತವನಿಗೆ ಎದೆ ನಡುಗಿದರೆ ಎರಡು ಹೆಜ್ಜೆ ಪಕ್ಕದವನಿಗೆ ಏನೂ ಇಲ್ಲ. ನಾಲ್ಕನ್ನೂ ಮಧ್ಯದಲ್ಲಿ ಒತ್ತಟ್ಟಿಗೆ ಜೋಡಿಸಿ. ಟಾಪ್‌ಗಳು, ಅಂದರೆ ಮೇಲಿನ ಸ್ವರಗಳ ಬಾಕ್ಸ್‌ಗಳು, ಸ್ಟ್ಯಾಂಡಿನ ಮೇಲೆ ತಲೆಯ ಎತ್ತರಕ್ಕಿಂತ ಮೇಲಿರಲಿ, ಬೇಸ್ ಮತ್ತು ಮೇಲಿನ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್ 80ರಿಂದ 100 ಹರ್ಟ್ಜ್ ನಡುವೆ.

ಜನರೇಟರ್: 1,000 ವಾಟಿನ 4 ಬೇಸ್, 500 ವಾಟಿನ 4 ಟಾಪ್, ಲೈಟು ಸೇರಿದರೆ 15 ಕೆವಿಎ ಸಾಕು. ಹೊಗೆ ಯಂತ್ರದ ಹೀಟರ್ ಒಂದೇ ಸಾವಿರ, ಸಾವಿರದೈನೂರು ವಾಟ್ ಎಳೆಯುತ್ತದೆ, ಅದನ್ನು ಲೈಟಿನ ಜೊತೆ ಬೇರೆ ಫೇಸಿಗೆ ಕೊಡಿ. ‘ಗುಂ’ ಎಂದು 50 ಹರ್ಟ್ಜ್ ಹಮ್ಮಿಂಗ್ ಬಂದರೆ ಅರ್ತ್ ಪಿನ್ ಕಿತ್ತು ಓಡಿಸುವ ಅಭ್ಯಾಸ ಕೆಲವರಿಗಿದೆ. ಒದ್ದೆ ನೆಲದಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಹಮ್ಮಿಂಗ್ ತಡೆಯುವ ಡಿಐ ಬಾಕ್ಸ್ ಹಾಕಿ, ಎಲ್ಲ ಸೌಂಡ್ ಉಪಕರಣಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇರಲಿ. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು.

ಇನ್ನೊಂದು ಮಾತು. ಕಾಫಿ ವಾಸನೆ ಬಹಳ ಬೇಗ ಹೀರುತ್ತದೆ. ಕಾರ್ಯಕ್ರಮದ ಮರುದಿನವೇ ಅದೇ ಗೋಡೌನಿಗೆ ಮೂಟೆ ಇಳಿಸಬೇಡಿ.

ನಮ್ಮದು ಹೋಂಸ್ಟೇ. ಅತಿಥಿಗಳು ಹಾಕುವ ಸಂಗೀತ ನಮಗೆ ಜಾಸ್ತಿ ಅನ್ನಿಸುವುದೇ ಇಲ್ಲ, ಮೊಬೈಲ್ ಮೀಟರಿನಲ್ಲೂ ಕಡಿಮೆಯೇ ತೋರಿಸುತ್ತದೆ. ಆದರೂ ಆಚೆ ಗುಡ್ಡದ ಮನೆಯವರು ದೂರು ಕೊಡುತ್ತಾರೆ.
– ಹೋಂಸ್ಟೇ ನಡೆಸುವವರು, ಮೂಡಿಗೆರೆ

ಅವರು ಹೇಳುವುದು ಸರಿ, ಅವರ ಕಡೆಗೇ ಕಿವಿ ಕೊಡಿ. ಇಲ್ಲಿ ಮೂರು ಕಾರಣ ಕೂಡಿವೆ.

ಮೊದಲನೆಯದು ದೂರದ ಲೆಕ್ಕ. ಬಯಲಿನಲ್ಲಿ ದೂರ ಎರಡರಷ್ಟಾದಂತೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಬಾಕ್ಸಿನಿಂದ 1 ಮೀಟರಿನಲ್ಲಿ 110 ಡೆಸಿಬಲ್ ಇದ್ದರೆ 512 ಮೀಟರ್ ಆಚೆ ಇನ್ನೂ 56 ಉಳಿದಿರುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45.

ಎರಡನೆಯದು ಚಳಿಗಾಲದ ಗಾಳಿ. ಡಿಸೆಂಬರ್, ಜನವರಿಯ ನಿರಭ್ರ ರಾತ್ರಿಗಳಲ್ಲಿ ಕಣಿವೆಯ ತಳದಲ್ಲಿ ತಂಪು ಗಾಳಿ ಕೂತು, ಅದರ ಮೇಲೆ ಬೆಚ್ಚಗಿನ ಪದರ ನಿಲ್ಲುತ್ತದೆ. ಹಗಲಲ್ಲಿ ಮೇಲಕ್ಕೆ ಹಾರಿಹೋಗುವ ಶಬ್ದ ಆಗ ಬಾಗಿ ಕೆಳಕ್ಕೇ ಇಳಿಯುತ್ತದೆ. ಮಧ್ಯಾಹ್ನ ಕೇಳದ ಹಾಡು ರಾತ್ರಿ ಆಚೆ ಗುಡ್ಡದಲ್ಲಿ ಸಾಲು ಸಾಲಾಗಿ ಕೇಳುವುದು ಇದರಿಂದ.

ಮೂರನೆಯದು ಮೀಟರ್. ಮೊಬೈಲಿನ ಮೀಟರ್ ಸಾಮಾನ್ಯವಾಗಿ ‘ಎ’ ತೂಕದಲ್ಲಿ ಅಳೆಯುತ್ತದೆ. ಆ ಅಳತೆ 50 ಹರ್ಟ್ಜ್‌ನ ಬೇಸ್‌ನಿಂದ 30 ಡೆಸಿಬಲ್ ಕಳೆದೇ ತೋರಿಸುತ್ತದೆ. ಗೋಡೆ, ಕಿಟಕಿ ದಾಟಿ ಹೋಗುವುದೂ ಆ ಬೇಸೇ. ಬೇಸನ್ನು ಅಷ್ಟಾಗಿ ಕಳೆಯದ ‘ಸಿ’ ತೂಕಕ್ಕೆ ಬದಲಿಸಿ ನೋಡಿ, ನಿಜ ಗೊತ್ತಾಗುತ್ತದೆ. ಬೇಸ್ ಬಾಕ್ಸನ್ನು ಕಣದಿಂದ ಒಳಗೆ ತನ್ನಿ, ಕಾಂಕ್ರೀಟಿನ ಮೇಲೆ ನೇರ ಇಡದೆ ದಪ್ಪ ರಬ್ಬರ್ ಹಾಸಿ, ಅದರ ಬಾಯಿ ಕಣಿವೆಗಲ್ಲ, ನಿಮ್ಮ ಬೆನ್ನಿಗಿರುವ ಗುಡ್ಡದ ಕಡೆಗಿರಲಿ.

ಕಾನೂನೂ ತಿಳಿದಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಕಾಡಿನ ಅಂಚಿನಲ್ಲಿರುವವರು ಈ ಮಿತಿಗಿಂತಲೂ ಸಾಕಷ್ಟು ಕೆಳಗೇ ನಿಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ.

ಎಷ್ಟು ಜೋರಿದ್ದರೆ ಕಿವಿಗೆ ಅಪಾಯ?
– ಬೇಲೂರು

85 ಡೆಸಿಬಲ್‌ನಲ್ಲಿ 8 ಗಂಟೆಯವರೆಗೆ ಇರಬಹುದು. ಮುಂದೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕಿಳಿಯುತ್ತದೆ, 100ಕ್ಕೆ ಬಂದಾಗ ಉಳಿಯುವುದು 15 ನಿಮಿಷ. ಬಾಕ್ಸಿನ ಮುಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವವರು ದಯವಿಟ್ಟು ಹಿಂದೆ ಸರಿಯಿರಿ. ಮೆಡಿಕಲ್ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದರೆ ಉಪಯೋಗವಿಲ್ಲ.

ಬರ್ಲಿನ್ನಿನ ಕ್ಲಬ್‌ಗಳಿಗೆ ಸರ್ಕಾರವೇ ಮರ್ಯಾದೆ ಕೊಡುತ್ತದಂತೆ, ಹೌದಾ?
– ಕಡೂರು

ಹೌದು. ಊರನ್ನು ಎರಡು ಮಾಡಿದ್ದ ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್ನಿನಲ್ಲಿ ಪಾಳುಬಿದ್ದ ಕಟ್ಟಡಗಳು ಬೇಕಾದಷ್ಟಿದ್ದವು. 1991ರಲ್ಲಿ ‘ಟ್ರೆಸೋರ್’ ಶುರುವಾದದ್ದು ವೆರ್ಟ್‌ಹೈಮ್ ಎಂಬ ಹಳೆಯ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ. 2004ರ ‘ಬರ್ಗ್‌ಹೈನ್’ ಇರುವುದು ಹಳೆಯ ವಿದ್ಯುತ್ ಸ್ಥಾವರದಲ್ಲಿ. 2016ರಲ್ಲಿ ನ್ಯಾಯಾಲಯ ಬರ್ಗ್‌ಹೈನ್‌ನ ಸಂಗೀತವನ್ನು ಸಂಗೀತ ಕಛೇರಿಗಳ ಸಾಲಿಗೆ ಸೇರಿಸಿದ್ದರಿಂದ ಅದರ ಟಿಕೆಟ್ ಮೇಲಿನ ತೆರಿಗೆ 19ರ ಬದಲು 7 ಶೇಕಡಾ ಆಯಿತು. 2024ರಲ್ಲಿ ಬರ್ಲಿನ್ ಟೆಕ್ನೋ (ಹೌಸ್‌ನ ಹಾಗೆ ಯಂತ್ರಗಳಿಂದ ಮಾಡುವ ಕುಣಿತದ ಸಂಗೀತ) ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು.

ಎರಡು ಹಾಡುಗಳನ್ನು ಸೇರಿಸುವಾಗ ಬೀಟ್ ಸರಿಹೋದರೂ ಏನೋ ಕಲಸಿದ ಹಾಗೆ ಕೇಳುತ್ತದೆ. ಹಳೆಯ ಕನ್ನಡ ಹಾಡು ಹಾಕಿದರಂತೂ ಸಿಂಕ್ ಗುಂಡಿ ಕೆಲಸವೇ ಮಾಡುವುದಿಲ್ಲ.
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಚಿಕ್ಕಮಗಳೂರು

ಓಡುತ್ತಿರುವ ಹಾಡು ನಿಮಿಷಕ್ಕೆ 120 ಬೀಟ್, ಬರಲಿರುವುದು 124 ಇದೆ ಅನ್ನಿ. ಎರಡನೆಯದನ್ನು 3.2 ಶೇಕಡಾ ಇಳಿಸಿದರೆ ವೇಗ ಕೂಡುತ್ತದೆ. ಆದರೆ ವೇಗ ಕೂಡಿದರಷ್ಟೇ ಸಾಲದು, ಆವರ್ತವೂ ಕೂಡಬೇಕು. ಈ ಸಂಗೀತದಲ್ಲಿ ಬದಲಾವಣೆ ಬರುವುದು ಬಹುತೇಕ 32 ಬೀಟಿಗೊಮ್ಮೆ. ಓಡುತ್ತಿರುವ ಹಾಡಿನ 32 ಮುಗಿದು ಹೊಸ ‘ಒಂದು’ ಬೀಳುವಲ್ಲೇ ಎರಡನೆಯ ಹಾಡನ್ನು ಬಿಡಬೇಕು. ಚತುರಶ್ರ ನಡೆಯಲ್ಲಿ ಸಮ ಹಿಡಿಯಲು ಬರುವವರಿಗೆ ಇದು ಎರಡೇ ದಿನದ ಕೆಲಸ.

ಕಲಸಿದಂತೆ ಕೇಳುವುದಕ್ಕೆ ಕಾರಣ ಎರಡು ಬೇಸ್ ಒಟ್ಟಿಗೆ ಓಡುವುದು. ಬರುವ ಹಾಡಿನ ಲೋ (ಬೇಸ್) ಗುಂಡಿಯನ್ನು ಪೂರ್ತಿ ಇಳಿಸಿ ಒಳಗೆ ತನ್ನಿ. ಮುಂದಿನ 32ರ ಮೊದಲ ಬೀಟಿಗೆ ಹೋಗುವ ಹಾಡಿನ ಲೋ ಇಳಿಸಿ, ಬಂದ ಹಾಡಿನ ಲೋ ಏರಿಸಿ. ಮೀಟರ್ ಕೆಂಪಿಗೆ ಹೋಗಬಾರದು.

ಹಳೆಯ ಚಿತ್ರಗೀತೆಗಳಲ್ಲಿ ಇಡೀ ವಾದ್ಯಗೋಷ್ಠಿ ನೇರವಾಗಿ ನುಡಿಸುತ್ತಿತ್ತು. ಲಯ ಕೂದಲೆಳೆಯಷ್ಟು ಏರಿಳಿಯುತ್ತದೆ, ಅದರಲ್ಲೇ ಜೀವವಿದೆ. ಅದನ್ನು ಯಂತ್ರಕ್ಕೆ ಕಟ್ಟಬೇಡಿ. ವೇಗವನ್ನು ತಾನೇ ಕೂಡಿಸುವ ಸಿಂಕ್ ತೆಗೆದು, ಪಲ್ಲವಿಗೆ ಮುಂಚಿನ ವಾದ್ಯದ 4 ಅಥವಾ 8 ಬೀಟನ್ನು ಮಾತ್ರ ಲೂಪ್ ಮಾಡಿ ಅದರ ಮೇಲೆ ದಾಟಿ.

ಆ್ಯಸಿಡ್ ಹೌಸ್ ಯಂತ್ರಗಳನ್ನು ಶಿಕಾಗೋಗಿಂತ ಮೊದಲೇ ಭಾರತದಲ್ಲಿ ಬಳಸಿದ್ದರು ಎಂಬ ಮಾತು ಕೇಳಿದೆ. ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ರೆಕಾರ್ಡುಗಳೂ ಇವೆ, ಬೂಷ್ಟು ಹಿಡಿದಿವೆ. ತೊಳೆದು ಡಿಜೆ ಟರ್ನ್‌ಟೇಬಲ್ ಮೇಲೆ ಹಾಕಬಹುದಾ?
– ನಿವೃತ್ತ ಶಿಕ್ಷಕರು, ಕೊಪ್ಪ

ಮಾತು ನಿಜ. ಮುಂಬೈಯ ಚಿತ್ರಸಂಗೀತದಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ 303, 808 ಯಂತ್ರಗಳನ್ನು ಕೂಡಿಸಿ ಹತ್ತು ರಾಗಗಳ ರೆಕಾರ್ಡು ಮಾಡಿದರು. ಲಲಿತ್, ತೋಡಿ, ಯಮನ್ ಎಲ್ಲ ಅದರಲ್ಲಿವೆ. ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಯುರೋಪಿನ ಕ್ಲಬ್‌ಗಳು ಅವರನ್ನು ಕರೆಸಿಕೊಂಡವು. 2015ರಲ್ಲಿ ತೀರಿಕೊಂಡರು. ಶಿಕಾಗೋದವರು ಇದನ್ನು ಕೇಳಿ ಕಲಿತರು ಎನ್ನುವಂತಿಲ್ಲ. ಒಂದೇ ಯಂತ್ರ ಎರಡು ಊರಲ್ಲಿ ಎರಡು ದಾರಿ ಹಿಡಿಯಿತು.

ನಿಮ್ಮ ಪೆಟ್ಟಿಗೆಯ ರೆಕಾರ್ಡುಗಳಲ್ಲಿ ಮೊದಲು ನೋಡಬೇಕಾದದ್ದು ಲೇಬಲ್ ಮೇಲಿನ ವೇಗ. 78 ಎಂದಿದ್ದು, ತೂಕವಾಗಿದ್ದು, ಬಗ್ಗದಿದ್ದರೆ ಅರಗಿನದ್ದು. ಅದಕ್ಕೆ ಸ್ಪಿರಿಟ್ ತಗುಲಿಸಲೇಬೇಡಿ, ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. 33 ಅಥವಾ 45ರ ವಿನೈಲ್‌ಗೆ ಅದೇ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಬಹುದು. ಮೆತ್ತನೆ ಬ್ರಷ್ಷನ್ನು ಗೆರೆಯ ಗುಂಟ ಸುತ್ತಾಗಿ ಆಡಿಸಿ, ಅಡ್ಡ ಉಜ್ಜಬೇಡಿ, ಲೇಬಲ್ ಒದ್ದೆ ಮಾಡಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಹಳೆಯ ಕಾಗದದ ಕವರಿನಲ್ಲೇ ಬೂಷ್ಟಿನ ಬೀಜ ಇರುವುದರಿಂದ ಒಳಕವರು ಹೊಸದಿರಲಿ.

ಡಿಜೆಗಳ ಟೆಕ್ನಿಕ್ಸ್ 1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ 33 ಮತ್ತು 45 ಮಾತ್ರ ಇವೆ, 78 ಇಲ್ಲ. ಅದರ ಮುಳ್ಳೂ ಅರಗಿನ ರೆಕಾರ್ಡಿಗೆ ತೀರಾ ಸಣ್ಣದು. ವಿನೈಲ್‌ನ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ಕ್ಕೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳು ಗೆರೆಯ ತಳದ ಕಸದಲ್ಲಿ ಓಡಿ ಬರೀ ಕರಕರ ಕೇಳುತ್ತದೆ. 78 ವೇಗ ಇರುವ ಟರ್ನ್‌ಟೇಬಲ್‌ಗೆ ಅದರದೇ ಮುಳ್ಳು ಹಾಕಿಸಿ, ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡುಬಿಡಿ. ಮಿಕ್ಸ್ ಮಾಡುವವರಿಗೆ ಆ ಫೈಲ್ ಕೊಡಿ, ರೆಕಾರ್ಡು ಪೆಟ್ಟಿಗೆಯಲ್ಲಿ ಲಂಬವಾಗಿ ನಿಂತಿರಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲದಲ್ಲಿ ಬದಲಿಸುತ್ತಿರಿ.